ಮಗ್ಗ ನಿಂತಾಗ ನುಂಗುವ ಮಾತ್ರೆ

ಸೋಮನೂರಿನ ನಮ್ಮ ಮನೆಗೆ ಅಂಟಿಕೊಂಡೇ ಪವರ್‌ಲೂಮ್ ಶೆಡ್ಡು. ವಾರದಲ್ಲಿ ಆರು ದಿನ ನಾವು ಉಣ್ಣುವುದು, ಮಲಗುವುದು, ಜಗಳವಾಡುವುದು ಎಲ್ಲ ಮಗ್ಗಗಳ ಸದ್ದಿನಲ್ಲೇ. ಭಾನುವಾರ ಮಾತ್ರ ನಿಲ್ಲಿಸಿ ಎಣ್ಣೆ ಬಿಡುತ್ತಿದ್ದರು. ಅವ್ವನ ಬೆರಳ ಗಿಣ್ಣುಗಳು ಊದಿ, ಹರಿದ ನೂಲಿಗೆ ಗಂಟು ಹಾಕಲೂ ಆಗದಂತಾದಾಗ ಕೊಯಮತ್ತೂರಿಗೆ ಕರೆದುಕೊಂಡು ಹೋದೆ.

ಡಾಕ್ಟರು ಮೆಥೊಟ್ರೆಕ್ಸೇಟ್ ಬರೆದರು. ಹಳದಿಯ ಸಣ್ಣ ಮಾತ್ರೆ. ಕ್ಯಾನ್ಸರಿಗೆ ಹೆಚ್ಚು ಕೊಡುತ್ತಾರೆ, ಕೀಲುವಾತಕ್ಕೆ ಸ್ವಲ್ಪ ಸಾಕು, ವಾರಕ್ಕೆ ಒಂದೇ ದಿನ, ದಿನವೂ ತಿಂದರೆ ಜೀವಕ್ಕೇ ಅಪಾಯ ಎಂದು ನನಗೆ ಎರಡೆರಡು ಸಲ ತಮಿಳಿನಲ್ಲಿ ಹೇಳಿದರು. ಅವ್ವನಿಗೆ ಓದು ಬಾರದು. ಭಾನುವಾರ ಎಂದಿದ್ದರೆ ಮುಗಿದಿತ್ತು. ನನಗೋ ಎಲ್ಲದಕ್ಕೂ ಒಗ್ಗರಣೆ ಹಾಕುವ ಚಾಳಿ. ಮಗ್ಗಕ್ಕೆ ನಮ್ಮ ಮನೆಮಾತಿನಲ್ಲಿ ತರಿ ಎನ್ನುತ್ತೇವೆ.

"ತರಿ ನಿಂತಾಗ ತಿನ್ನವ್ವಾ. ಅದರ ನಡುಕ ಇಲ್ದಾಗ್ಲೇ ಮಾತ್ರೆ ಮೈಗೆ ಹಿಡಿಯೋದು" ಎಂದೆ.

ಕೆಲವು ತಿಂಗಳಲ್ಲಿ ಬೆರಳು ಮಡಚತೊಡಗಿದವು. ಅವ್ವ ಮತ್ತೆ ಗಂಟು ಹಾಕಿದಳು. ನಾನು ಮದುವೆಯಾಗಿ ತಿರುಪ್ಪೂರು ಸೇರಿದ್ದೆ. ಮೂರು ತಿಂಗಳಿಗಾಗುವಷ್ಟು ಮಾತ್ರೆ ಒಟ್ಟಿಗೆ ತಂದಿಟ್ಟು ಹೋಗುತ್ತಿದ್ದೆ.

ಎರಡು ಸಾವಿರದ ಎಂಟರಲ್ಲಿ ಕರೆಂಟು ಕಡಿತ ಶುರುವಾಯಿತು. ದಿನವೂ ಮಗ್ಗ ನಿಲ್ಲುತ್ತಿತ್ತು. ದಿನವೂ ಅವ್ವ ಮಾತ್ರೆ ನುಂಗಿದಳು.

ಬಾಯೆಲ್ಲ ಹುಣ್ಣು, ಜ್ವರ ಎಂದು ಅಪ್ಪ ಫೋನು ಮಾಡಿದಾಗ, ಉಷ್ಣವಾಗಿರಬೇಕು, ಮಜ್ಜಿಗೆ ಕೊಡು ಅಂದೆ. ನನ್ನ ಬುದ್ಧಿಗೆ ಬೆಂಕಿ ಬೀಳ! ಮೂರು ದಿನ ಬಿಟ್ಟು ಹೋದರೆ ಮಾತ್ರೆಯ ಡಬ್ಬಿ ಖಾಲಿ. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದ ಡಾಕ್ಟರು, ದಿನವೂ ತಿನ್ನಲು ಹೇಳಿದ್ದು ಯಾರು ಎಂದು ಗದರಿದರು. ಅಪ್ಪ ಅದನ್ನೇ ಅವ್ವನನ್ನು ಕೇಳಿದ. ಅವಳು ನನ್ನ ಮುಖ ನೋಡಿದಳು.

"ಯಾರೂ ಹೇಳ್ಲಿಲ್ಲ," ಎಂದಳು. "ನಂಗೇ ಮರ್ತೋಯ್ತು."

ಐದನೆಯ ದಿನ ತೀರಿಕೊಂಡಳು. ಈಗಲೂ ಕರೆಂಟು ಹೋದರೆ ಸಾಕು, ಪಕ್ಕದಲ್ಲಿ ಯಾರೋ ಲೋಟಕ್ಕೆ ನೀರು ಬಗ್ಗಿಸಿದ ಹಾಗೆ ಕೇಳಿಸುತ್ತದೆ. ಮಕ್ಕಳ ಎದುರೇ ಬೆಚ್ಚುತ್ತೇನೆ.

ನೆಂಟರು ಬಂದಾಗಲೆಲ್ಲ ಅಪ್ಪ ಅವಳ ಮರೆವನ್ನು ಬೈಯುತ್ತಾನೆ, ಒಂದು ಮಾತ್ರೆ ನೆನಪಿಡಲಾಗದೆ ನನ್ನನ್ನು ಒಂಟಿ ಮಾಡಿ ಹೋದಳು ಎನ್ನುತ್ತಾನೆ. ಅವಳು ಒಂದು ದಿನವೂ ಮರೆತವಳಲ್ಲ. ಅದನ್ನು ಹೇಳಿಬಿಡಬೇಕೆಂದು ಬಾಯಿ ತೆರೆಯುತ್ತೇನೆ, ಕಾಫಿ ಕುಡೀತೀಯಾ ಅಪ್ಪಾ ಎಂದು ಕೇಳುತ್ತೇನೆ.