ಸುಯ್ಯೆನ್ನದ ಡಬ್ಬಿ

ಹಾಡು ಕೇಳುವುದರಲ್ಲಿ ನಾನೊಬ್ಬ ಕೆಟ್ಟ ರಸಿಕ. ರೇಡಿಯೋದಲ್ಲಿ ಯಾರಾದರೂ ಎದೆ ಕರಗುವಂತೆ ಹಾಡುತ್ತಿದ್ದರೆ ಮನೆಯವರೆಲ್ಲ ತಲೆದೂಗುತ್ತಾರೆ; ನನಗೆ ಮಾತ್ರ ಹಾಡಿನ ಬೆನ್ನಿಗೆ ಅಂಟಿಕೊಂಡು ಬರುವ 'ಸುಯ್' ಎಂಬ ಸದ್ದೇ ಮೊದಲು ಕೇಳಿಸುತ್ತದೆ. ಮದುವೆ ಊಟದಲ್ಲಿ ಹೋಳಿಗೆ ಬಿಟ್ಟು ಎಲೆಯ ತೂತು ನೋಡುವ ಪೈಕಿ ನಾನು. ಇದು ಹುಟ್ಟುಗುಣವಲ್ಲ, ಎಂಬತ್ತರ ದಶಕದ ನಡುವಿನಲ್ಲಿ ನನ್ನ ಗೆಳೆಯ ರಿಯಾಜ್ ಹಚ್ಚಿದ ರೋಗ.

ಆಗ ನಾನು ಅಜ್ಜಂಪುರದ ಹೈಸ್ಕೂಲೊಂದರಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಿದ್ದೆ. ರಿಯಾಜ್ ನನ್ನ ಜೊತೆ ಕಾಲೇಜು ಓದಿದವನು; ತರೀಕೆರೆಯಲ್ಲಿ ಅವನ ಮನೆಯವರದು ಹಾಸಿಗೆ ಅಂಗಡಿ. ಹತ್ತಿ ತುಂಬುವ ಕೈಯಲ್ಲೇ ಗಿಟಾರ್ ಹಿಡಿದು, ಸುತ್ತಮುತ್ತಲ ಮದುವೆಗಳಲ್ಲಿ ಹಾಡುವ ವಾದ್ಯಗೋಷ್ಠಿಯೊಂದನ್ನು ಸೇರಿಕೊಂಡಿದ್ದ. ಗಿಟಾರಿಗೆ ಪೆಡಲ್ ಎಂಬ ಡಬ್ಬಿಯೊಂದಿರುತ್ತದೆ. ಕಾಲಲ್ಲಿ ಒತ್ತಿದರೆ ಅಲ್ಲಿಯತನಕ ಸೌಮ್ಯವಾಗಿದ್ದ ತಂತಿ ಒಮ್ಮೆಲೇ ಘರ್ಜಿಸುತ್ತದೆ. "ಅದನ್ನ ನೀನೇ ಮಾಡ್ಕೊಡು ಕಣೋ, ಫಿಸಿಕ್ಸ್ ಓದಿದ್ದೀಯಲ್ಲ," ಎಂದ. ಈ ಮಾತಿಗೆ ಇಲ್ಲವೆನ್ನುವ ಫಿಸಿಕ್ಸ್ ಮೇಷ್ಟ್ರು ಇನ್ನೂ ಹುಟ್ಟಿಲ್ಲ. ಅಮ್ಮನ ಸಾಸಿವೆ ಡಬ್ಬಿ ಕದ್ದು ಕೆಲಸ ಶುರುಮಾಡಿದೆ.

ಈ ಡಬ್ಬಿಯ ಜೀವವೆಂದರೆ ಆಪ್-ಆಂಪ್ ಎಂಬ ಕರಿಯ ಚಿಪ್ಪು. ಹುಣಸೆ ಬೀಜದಷ್ಟು ಮೈ, ಎಂಟು ಕಾಲು. ತಂತಿಯಿಂದ ಬಂದ ಪಿಸುಮಾತನ್ನು ಕೂಗು ಮಾಡುವುದು ಅದರ ಕೆಲಸ. ತೊಂದರೆಯೇನೆಂದರೆ, ಪಿಸುಮಾತಿನ ಜೊತೆಗೆ ತನ್ನ ಏದುಸಿರನ್ನೂ ಅದು ಕೂಗು ಮಾಡುತ್ತದೆ. ನಾನು ಮೊದಲು ಹಾಕಿದ್ದು ಎಲ್ಲರೂ ಹಾಕುವ ೭೪೧ ಎಂಬ ಚಿಪ್ಪು. ಗೋಷ್ಠಿಯ ಅಭ್ಯಾಸ ನಡೆಯುತ್ತಿದ್ದದ್ದು ಅಜ್ಜಂಪುರದ ಈರುಳ್ಳಿ ಗೋದಾಮಿನಲ್ಲಿ. ಅಲ್ಲಿ ಎಂಥ ಹಾಡುಗಾರ್ತಿಗೂ ಶೋಕಗೀತೆಗೆ ಕಣ್ಣೀರು ತಾನಾಗಿ ಬರುತ್ತಿತ್ತು. ರಿಯಾಜ್ ಡಬ್ಬಿ ಒತ್ತಿದ. ತಂತಿಯನ್ನಿನ್ನೂ ಮುಟ್ಟಿರಲೇ ಇಲ್ಲ, ಕಾದ ಎಣ್ಣೆಗೆ ಬೋಂಡಾ ಬಿಟ್ಟ ಹಾಗೆ ಗೋದಾಮು ತುಂಬ ಸುಯ್ಯ್ ಎಂದಿತು.

ಗೋಷ್ಠಿಯ ಯಜಮಾನರು ಹಾರ್ಮೋನಿಯಂ ರುದ್ರಪ್ಪನವರು. ಪೆಟ್ಟಿಗೆಯ ಮೇಲಿಂದ ಕೈ ತೆಗೆದರು. "ಏನಪ್ಪಾ ಇದು, ಹಾಡೋ ಹೊತ್ನಲ್ಲಿ ಒಗ್ಗರಣೆ ಹಾಕ್ತೀರಾ? ಚೌಳಹಿರಿಯೂರಿನ ಆರತಕ್ಷತೇಲೂ ಹಿಂಗೇ ಆದ್ರೆ ಗಿಟಾರು ಮನೇಲಿರ್ಲಿ. ಅಕಾರ್ಡಿಯನ್ ಬಾರಿಸೋನಿಗೆ ಹೇಳ್ಕಳಿಸ್ತೀನಿ."

ಬಸ್‌ಸ್ಟ್ಯಾಂಡಿಗೆ ನಡೆಯುವಾಗ ರಿಯಾಜ್ ಮೆಲ್ಲಗೆ ಹೇಳಿದ: "ಹಾಸಿಗೆ ಹೊಲಿಯೋಕೆ ಬೇಜಾರಿಲ್ಲ ಕಣೋ. ಆದ್ರೆ ಹಾಸಿಗೆ ಮೇಲೆ ಜನ ಮಲಗ್ತಾರೆ ಅಷ್ಟೇ. ಗಿಟಾರ್ ಬಾರಿಸಿದ್ರೆ ಎದ್ದು ಕೂತ್ಕೋತಾರೆ." ಅವನನ್ನು ಗೋಷ್ಠಿಯಲ್ಲಿ ಉಳಿಸಲೇಬೇಕೆಂದುಕೊಂಡೆ.

ಬೆಂಗಳೂರಿನಿಂದ ಟಪಾಲಿನಲ್ಲಿ ಬಗೆಬಗೆಯ ಚಿಪ್ಪು ತರಿಸಿದೆ. ಮನೆಗೆ ಬರುವ ನೆಂಟರಲ್ಲಿ ಎರಡು ಬಗೆಯಿರುತ್ತಾರಲ್ಲ: ಒಬ್ಬರು ತುಟಿ ಪಿಟಕ್ಕೆನ್ನುವುದಿಲ್ಲ, ಆದರೆ ಅನ್ನದ ಪಾತ್ರೆ ಬರಿದು ಮಾಡುತ್ತಾರೆ, ಇನ್ನೊಬ್ಬರು ಒಂದೇ ತುತ್ತು ತಿನ್ನುತ್ತಾರೆ, ಆದರೆ ದಿನವಿಡೀ ಗೊಣಗುತ್ತಾರೆ. ಚಿಪ್ಪುಗಳಲ್ಲೂ ಹಾಗೆಯೇ. ಸದ್ದು ಮಾಡದ ಚಿಪ್ಪು ಬ್ಯಾಟರಿಯನ್ನು ಗಟಗಟ ಕುಡಿಯುತ್ತಿತ್ತು. ಮಿತಾಹಾರಿ ಚಿಪ್ಪು ಸುಯ್‌ಗುಡುತ್ತಿತ್ತು. ಕುಡಿದರೆ ಕುಡಿಯಲಿ ಎನ್ನುವಂತೆಯೂ ಇರಲಿಲ್ಲ, ಏಕೆಂದರೆ ಒಂಬತ್ತು ವೋಲ್ಟಿನ ಆ ಪುಟ್ಟ ಬ್ಯಾಟರಿ ಸಿಗುತ್ತಿದ್ದದ್ದು ಕಡೂರಿನ ಒಂದೇ ಅಂಗಡಿಯಲ್ಲಿ. ಅದೂ ಯಾವ ಕಾಲದ ಸರಕೋ! ಅಂಗಡಿಯವನು ಬ್ಯಾಟರಿಯನ್ನು ತನ್ನ ನಾಲಿಗೆಗೆ ಮುಟ್ಟಿಸಿ, ಕಣ್ಣು ಮುಚ್ಚಿ, "ಜುಮ್ ಅಂತೈತೆ, ತಗಳ್ರಿ," ಎಂದು ಒರೆಸಿ ಕೊಡುತ್ತಿದ್ದ.

ಮಿತಾಹಾರಿಯನ್ನೇ ಇಟ್ಟುಕೊಂಡು ಅದರ ಗೊಣಗಾಟ ನಿಲ್ಲಿಸಲು ಹೊರಟೆ. ಆಗ ಒಂದು ವಿಷಯ ಹೊಳೆಯಿತು: ಸದ್ದೆಲ್ಲ ಚಿಪ್ಪಿನದಲ್ಲ, ಅರ್ಧಕ್ಕರ್ಧ ಅದರ ಸುತ್ತ ನಾನೇ ಜೋಡಿಸಿದ್ದ, ಕರೆಂಟಿಗೆ ತಡೆಯೊಡ್ಡುವ ರೆಸಿಸ್ಟರುಗಳದು. ಜಗತ್ತಿನಲ್ಲಿ ಬಿಸಿಯಿರುವ ವಸ್ತುವೆಲ್ಲ ಒಳಗೊಳಗೇ ಚಡಪಡಿಸುತ್ತಿರುತ್ತದೆ, ಆ ಚಡಪಡಿಕೆಯೂ ಸದ್ದೇ; ತಡೆ ದೊಡ್ಡದಾದಷ್ಟೂ ಸದ್ದು ಹೆಚ್ಚು. ಪೂರ್ತಿ ಮೌನ ಬೇಕೆಂದರೆ ಲೋಕವನ್ನೇ ಹೆಪ್ಪುಗಟ್ಟಿಸಬೇಕು. ನಮ್ಮ ಕೆಮ್ಮಣ್ಣುಗುಂಡಿಯ ಚಳಿ ಯಾವ ಮೂಲೆಗೂ ಸಾಲದು. ಇಷ್ಟು ವೇದಾಂತ ಹೊಳೆದ ಮೇಲೆ ದೊಡ್ಡ ರೆಸಿಸ್ಟರುಗಳನ್ನು ಕಿತ್ತು ಚಿಕ್ಕವನ್ನು ಬೆಸೆದೆ. ಹೆಡ್‌ಫೋನ್ ಹಾಕಿ ಕೇಳಿದೆ. ಇಲ್ಲ! ಸುಯ್ ಇಲ್ಲ! ಕುರ್ಚಿಯಿಂದ ಹಾರಿ, "ಅಮ್ಮಾ, ಏನೂ ಕೇಳಿಸ್ತಿಲ್ಲ!" ಎಂದು ಕುಣಿದಾಡಿದೆ. ಅಮ್ಮ ಗಾಬರಿಯಾಗಿ ನನ್ನ ಕಿವಿಗೆ ಬಿಡಲು ಎಣ್ಣೆ ಬೆಚ್ಚಗೆ ಮಾಡತೊಡಗಿದಳು.

ಚೌಳಹಿರಿಯೂರಿನಲ್ಲಿ ಚಪ್ಪರ, ಜನ, ತೆಂಗಿನಮರಕ್ಕೆ ಕಟ್ಟಿದ ಎರಡು ಲೌಡ್‌ಸ್ಪೀಕರು. ಮೈಕ್‌ಸೆಟ್ ಕಡೂರಿನ ಬಸವರಾಜುವಿನದು. ನಮ್ಮ ಸೀಮೆಯ ಮೈಕ್‌ಸೆಟ್ಟಿನವರದು ಒಂದು ಪದ್ಧತಿಯಿದೆ, ಅದು ನನಗೆ ಗೊತ್ತಿರಲಿಲ್ಲ. ಸೆಟ್ಟಿನ ದನಿ ಹೆಚ್ಚಿಸುವ ತಿರುಪನ್ನು ಸುಯ್ ಎನ್ನುವವರೆಗೆ ತಿರುಗಿಸುವುದು, ಸುಯ್ ಎಂದೊಡನೆ ಒಂದಿಷ್ಟು ಹಿಂದಕ್ಕೆ ತರುವುದು. ಸುಯ್ ಎಂದರೆ ಸೆಟ್ಟು ಬದುಕಿದೆ ಎಂದರ್ಥ. ಬಸವರಾಜು ಗಿಟಾರಿನ ತಿರುಪು ತಿರುಗಿಸಿದ. ಸುಯ್ ಇಲ್ಲ. ಇನ್ನಷ್ಟು ತಿರುಗಿಸಿದ. ಇಲ್ಲ. ಕೊನೆಗೆ ಅದು ಇನ್ನು ತಿರುಗುವುದಿಲ್ಲ ಎನ್ನುವಲ್ಲಿಗೆ ಒಯ್ದು ನಿಲ್ಲಿಸಿ, "ಡಬ್ಬಿ ಸತ್ತೋಗೈತೆ ಕಣ್ರೀ," ಎಂದು ತೀರ್ಪು ಕೊಟ್ಟ.

ರುದ್ರಪ್ಪನವರು ನನ್ನತ್ತ ದುರುಗುಟ್ಟಿ ನೋಡಿದರು. ಅವಮಾನದಿಂದ ಕೆಂಪಾದ ರಿಯಾಜ್, "ಯಾರ್ ರೀ ಸತ್ತಿರೋದು?" ಎಂದವನೇ ಡಬ್ಬಿ ಒತ್ತಿ ಆರೂ ತಂತಿಗಳನ್ನು ಒಟ್ಟಿಗೆ ಬಾರಿಸಿದ.

ಆ ಸದ್ದನ್ನು ಹೇಗೆ ಹೇಳಲಿ! ತೆಂಗಿನಮರದಿಂದ ಕಾಗೆಗಳೆಲ್ಲ ಒಟ್ಟಿಗೆ ಎದ್ದವು. ಗಂಡಿನ ಸೋದರಮಾವನ ಪಾಯಸದ ಲೋಟ ಅವರ ಮಡಿಲಿಗೇ ಮಗುಚಿತು. ಫೋಟೋದವನು ಬೆಚ್ಚಿ ಬಿದ್ದು ಚಪ್ಪರದ ಸೂರಿನ ಫೋಟೋ ತೆಗೆದ. ಆಮೇಲೆ ಎಲ್ಲ ಸ್ತಬ್ಧ. ಗಿಟಾರು ಹೋಯಿತು, ರಿಯಾಜ್ ಹೋದ, ನಾನೂ ಹೋದೆ ಎಂದುಕೊಂಡೆ.

ಆ ಸ್ತಬ್ಧತೆಯೊಳಗಿಂದ ಕಿಸಕ್ಕನೆ ಒಂದು ನಗು. ಬೆಳಗಿನಿಂದ ತಲೆ ತಗ್ಗಿಸಿ, ಹಾರದ ಭಾರಕ್ಕೆ ಬಾಡಿ ಕೂತಿದ್ದ ಮದುಮಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅವಳನ್ನು ನೋಡಿ ಮದುಮಗ, ಅವನನ್ನು ನೋಡಿ ಇಡೀ ಚಪ್ಪರ. ಹುಡುಗಿಯ ಅಪ್ಪ ಕಣ್ಣೊರೆಸಿಕೊಳ್ಳುತ್ತ ವೇದಿಕೆಯ ಹತ್ತಿರ ಬಂದು, "ಇನ್ನೊಂದ್ಸಲ ಬಾರ್ಸಪ್ಪಾ, ನಮ್ ಕೂಸು ಬೆಳಗ್ಗಿಂದ ನಕ್ಕೇ ಇರ್ಲಿಲ್ಲ," ಎಂದರು. ರುದ್ರಪ್ಪನವರು ಹಾರ್ಮೋನಿಯಂ ತಿದಿ ಒತ್ತಿದರು. ಖುಷಿಗೆ ನನಗೆ ಅಲ್ಲೇ ಕುಣಿಯಬೇಕೆನಿಸಿತು. ಮೇಷ್ಟ್ರ ಮರ್ಯಾದೆ ನೆನಪಾಗಿ ಬರೀ ಕಾಲು ಕುಣಿಸಿದೆ.

ಕಾರ್ಯಕ್ರಮ ಮುಗಿದ ಮೇಲೆ ಬಸವರಾಜು ಒಂದೇ ತಕರಾರು ತೆಗೆದ. "ಸುಯ್ ಅನ್ನಲ್ಲ ಅಂದ್ರೆ ಬದುಕೈತೋ ಇಲ್ವೋ ನಂಗೆ ಹೆಂಗ್ ಗೊತ್ತಾಗ್ಬೇಕು ಸಾರ್? ಒಂದು ಕೆಂಪು ದೀಪನಾದ್ರೂ ಇಡ್ರಿ."

"ದೀಪ ಇಟ್ರೆ ಗಿಟಾರು ಇರ್ಲಿ. ಇಲ್ದಿದ್ರೆ ಬ್ಯಾಡ," ಎಂದರು ರುದ್ರಪ್ಪನವರು.

ಡಬ್ಬಿಯ ಮೇಲೆ ಒಂದು ತೂತು ಕೊರೆದು, ಮೆಣಸಿನಕಾಳಿನಷ್ಟು ದೊಡ್ಡ ಕೆಂಪು ದೀಪ ಕೂರಿಸಿದೆ. ಕುತೂಹಲಕ್ಕೆ ಮೀಟರ್ ಹಚ್ಚಿ ನೋಡಿದೆ. ನಾನು ತಿಂಗಳುಗಟ್ಟಲೆ ನಿದ್ದೆಗೆಟ್ಟು ಆರಿಸಿದ ಮಿತಾಹಾರಿ ಚಿಪ್ಪು ಕುಡಿಯುವುದಕ್ಕಿಂತ ಎಷ್ಟೋ ಪಾಲು ಹೆಚ್ಚು ಕರೆಂಟನ್ನು ಆ ದೀಪವೊಂದೇ ಕುಡಿಯುತ್ತಿತ್ತು! ಡಬ್ಬಿಯನ್ನು ರಿಯಾಜ್‌ನ ಅಂಗಡಿಗೆ ಒಯ್ದು ತೋರಿಸಿದೆ. ಅವನು ಹಾಸಿಗೆ ಗಂಟಿನ ಮೇಲೆ ಬಿದ್ದು ಹೊರಳಾಡಿ ನಕ್ಕ. "ದುಡಿಯೋನಿಗೆ ಒಂದು ತುತ್ತು, ದುಡೀತಿದಾನೆ ಅಂತ ತೋರ್ಸೋನಿಗೆ ಒಂದು ಹಂಡೆ!"

ದೀಪ ಕಿತ್ತುಹಾಕಲೇ ಎಂದು ಸ್ಕ್ರೂಡ್ರೈವರ್ ಎತ್ತಿದೆ. ರಿಯಾಜ್ ಡಬ್ಬಿಯನ್ನು ಎದೆಗವಚಿಕೊಂಡ. "ಮುಟ್ಟಿದ್ರೆ ನೋಡು ಮತ್ತೆ!"

ಮುಟ್ಟಲಿಲ್ಲ. ಅವನು ಮದುವೆಯಿಂದ ಮದುವೆಗೆ ಗಿಟಾರ್ ಬಾರಿಸುತ್ತ ಹೋದ, ಆ ಕೆಂಪು ದೀಪಕ್ಕಾಗಿ ನಾನು ಮೇಲಿಂದ ಮೇಲೆ ಬಸ್ಸು ಹತ್ತಿ ಬ್ಯಾಟರಿ ತರುತ್ತ ಹೋದೆ. ಉಳಿತಾಯವೇನೂ ಆಗಲಿಲ್ಲ, ರಿಯಾಜ್ ಉಳಿದ.