ಒಂದೂಟದ ಮಟ್ಟಿಗೆ ನನ್ನ ದನಿ

ತಪ್ಪು ನನ್ನದೇ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆಮೇಲೆ ನೀವು ಬಿಸಿ ಉಂಡೆಯದು ತಪ್ಪು, ಫೋನಿನದು ತಪ್ಪು, ಮಾವನ ಗಂಟಲಿನದು ತಪ್ಪು ಎಂದು ನನ್ನ ಪರ ವಕಾಲತ್ತು ಮಾಡುವುದು ಬೇಡ. ಒಂದು ಊಟ ಮುಗಿಯುವ ತನಕ, ಬರೀ ಒಂದೇ ಒಂದು ಊಟ, ಬೇರೆ ಯಾರ ದನಿಯಲ್ಲೂ ಮಾತಾಡುವುದಿಲ್ಲ ಎಂದು ಹೆಂಡತಿಗೆ ಮಾತು ಕೊಟ್ಟಿದ್ದೆ. ತಟ್ಟೆಯಲ್ಲಿ ಇನ್ನು ಮೂರೇ ಉಂಡೆ ಉಳಿದಿದ್ದಾಗ ಆ ಮಾತಿಗೆ ತಪ್ಪಿದೆ.

ಕಂಡವರ ದನಿಯೇ ನನ್ನ ಹೊಟ್ಟೆಪಾಡು. ಸಂತೆಯ ದಿನ ಆಟೋ ನೆತ್ತಿಯ ಮೇಲೆ ಮೈಕ್ ಕಟ್ಟಿಕೊಂಡು ಬೀದಿ ಬೀದಿ ಕೂಗುವ ಜಾಹೀರಾತುಗಳಿರುತ್ತವಲ್ಲ, ನಮ್ಮ ಕಡೆ ಅವುಗಳಲ್ಲಿ ಅರ್ಧದಷ್ಟು ಕೂಗು ನನ್ನದು. ಮಧುಗಿರಿಯಲ್ಲಿ ಬೊಚ್ಚುಬಾಯಿಯ ಅಜ್ಜಿಯಾಗಿ ಸೀರೆ ಮಾರುತ್ತೇನೆ, ಕೊರಟಗೆರೆಯಲ್ಲಿ ಜಗಳಗಂಟಿ ಅತ್ತೆಯಾಗಿ ಮಿಕ್ಸಿ ಮಾರುತ್ತೇನೆ, ಶಿರಾದಲ್ಲಿ ಮೀಸೆ ಪಟೇಲನಾಗಿ ಪಂಪ್‌ಸೆಟ್ಟು ಮಾರುತ್ತೇನೆ. ನನ್ನ ಸ್ವಂತ ದನಿಯಲ್ಲಿ ಈವರೆಗೆ ಒಂದು ಬೆಂಕಿಪೊಟ್ಟಣವೂ ಮಾರಾಟವಾಗಿಲ್ಲ. ಯಾರೂ ಕೇಳಿಲ್ಲ, ನಾನೂ ಕೊಟ್ಟಿಲ್ಲ. ಕೊಟ್ಟರೂ ತೆಗೆದುಕೊಳ್ಳುವಂಥದ್ದಲ್ಲ ಅದು. ಸ್ವಲ್ಪ ಮೂಗಿನಲ್ಲಿ ಹೊರಟು, ವಾಕ್ಯ ಮುಗಿಯುವ ಹೊತ್ತಿಗೆ ನೆಲ ಸೇರಿರುತ್ತದೆ.

ಇರುವ ದನಿಗಳಲ್ಲೆಲ್ಲ ನನಗೆ ತುಂಬ ಚೆನ್ನಾಗಿ ಬರುವುದು ಮಾವನದು. ಅವರು ಪಾವಗಡದ ರಾಯಚರ್ಲು ಕಡೆ ಸೋಲಾರ್ ಪ್ಲೇಟುಗಳನ್ನು ತೊಳೆಸುವ ಮೇಸ್ತ್ರಿ. ಸಾಲಿನ ಈ ತುದಿಯಲ್ಲಿ ನಿಂತು ಆ ತುದಿಯವರಿಗೆ ಕೂಗಿ ಕೂಗಿ ಅವರ ಗಂಟಲು ಹಳೇ ಲಾರಿಯ ಗೇರ್ ಬಾಕ್ಸಿನಂತಾಗಿದೆ. ಮಾತು ತೆಲುಗಿನಲ್ಲಿ ಹತ್ತಿ ಕನ್ನಡದಲ್ಲಿ ಇಳಿಯುತ್ತದೆ. ಕೊಡಿಗೇನಹಳ್ಳಿಯ ನನ್ನ ಗೆಳೆಯರು ಮಾವನನ್ನು ಒಮ್ಮೆಯೂ ನೋಡಿಲ್ಲ. ಆದರೂ ನಾನು ಬಾಯಿ ತೆಗೆದರೆ ಸಾಕು, ಹೊಟ್ಟೆ ಹಿಡಿದುಕೊಂಡು ಉರುಳುತ್ತಾರೆ. ಮದುವೆಯಾದ ಹೊಸತರಲ್ಲಿ ಹೆಂಡತಿಯೂ ನಕ್ಕಳು. ಎರಡನೇ ತಿಂಗಳು ಮುಗುಳ್ನಕ್ಕಳು. ಆರನೇ ತಿಂಗಳಿಗೆ ಸೊಪ್ಪು ಬಿಡಿಸುತ್ತಾ ತಲೆಯನ್ನೇ ಎತ್ತಲಿಲ್ಲ. ಪ್ರೇಕ್ಷಕರು ಕಡಿಮೆಯಾದರೆ ಕಲಾವಿದನಿಗೆ ಗೊತ್ತಾಗುತ್ತದೆ. ಅದಕ್ಕೇ ಒಂದು ಭಾನುವಾರ, ಬೆಂಗಳೂರು ದಾರಿಯ ಥೀಮ್ ಪಾರ್ಕಿಗೆ ಕರೆದುಕೊಂಡು ಹೊರಟೆ.

ಬಸ್ಸು ಕೊರಟಗೆರೆ ದಾಟಿದ ಮೇಲೆ ಅವಳು ಕೇಳಿದಳು, "ಇವತ್ತು ಊಟಕ್ಕೆ ಎಷ್ಟು ಜನ?"

"ಎಷ್ಟು ಜನ ಅಂದ್ರೆ? ನಾನೂ ನೀನೂ."

"ನಿಮ್ ಜೊತೆ ಕೂತ್ರೆ ಯಾವತ್ತು ಇಬ್ರೇ ಇದ್ವಿ ಹೇಳಿ? ಒಂದು ತುತ್ತಿಗೆ ಕಂಡಕ್ಟ್ರು ಬತ್ತಾನೆ, ಇನ್ನೊಂದು ತುತ್ತಿಗೆ ನಿಮ್ ಹೆಡ್‌ಮಾಸ್ಟ್ರು ಬತ್ತಾರೆ. ನಮ್ಮಪ್ಪ ಅಂತೂ ಸಾರು ಅನ್ನ ಎರಡಕ್ಕೂ ಬತ್ತಾರೆ. ನಂಗೆ ಒಂದೇ ಒಂದೂಟ ನಿಮ್ ಜೊತೆ ಮಾಡ್ಬೇಕು ಕಣ್ರೀ. ನಿಮ್ ಒಬ್ರ ಜೊತೆ."

ಕಂಡಕ್ಟರನ ದನಿಯಲ್ಲಿ "ಚಿಲ್ಲರೆ ಕೊಡಮ್ಮ" ಎನ್ನಬೇಕೆಂದು ಬಾಯಿ ತೆರೆದೆ. ಅವಳ ಮುಖ ನೋಡಿ ಮುಚ್ಚಿದೆ. ಅವಳು ತಮಾಷೆ ಮಾಡುತ್ತಿರಲಿಲ್ಲ.

"ಆಯ್ತು ಬುಡು. ಒಂದೂಟ ತಾನೇ. ಮಾತು ತಪ್ಪಿದ್ರೆ?"

"ತಪ್ಪಿದ್ರೆ ಬರೋ ವಾರ ನಮ್ಮೂರಿಗೆ ಹೋಗ್ತೀವಲ್ಲ. ಅಪ್ಪನ ಎದುರಿಗೆ ಕೂತ್ಕಂಡು ಅಪ್ಪನ್ನೇ ಮಾಡಿ ತೋರುಸ್ಬೇಕು."

ಮಾವ ನಕ್ಕಿದ್ದನ್ನು ನಾನು ಮದುವೆಯ ಫೋಟೊದಲ್ಲೂ ಕಂಡಿಲ್ಲ. ಅಳಿಯ ತಮ್ಮ ಗಂಟಲನ್ನು ಊರೂರಿಗೆ ಹೊತ್ತುಕೊಂಡು ತಿರುಗುತ್ತಿದ್ದಾನೆಂದು ಅವರಿಗೆ ಗೊತ್ತೇ ಇರಲಿಲ್ಲ; ಹಾಗಂತ ನಾನು ಅಂದುಕೊಂಡಿದ್ದೆ.

ಗೇಟಿನಲ್ಲಿ ಹೊರಗಿನ ತಿಂಡಿ ಬಿಡುವುದಿಲ್ಲ ಎಂದು ಅವ್ವ ಕಟ್ಟಿಕೊಟ್ಟಿದ್ದ ಪುಳಿಯೋಗರೆ ಡಬ್ಬಿಯನ್ನು ಇಳಿಸಿಕೊಂಡರು. ಒಳಗೆ ನೀರಿನ ಜಾರುಬಂಡೆ, ತಲೆಕೆಳಗಾಗಿಸುವ ತೊಟ್ಟಿಲು, ಎಲ್ಲ ಆಯಿತು. ತೊಟ್ಟಿಲು ಮೇಲಕ್ಕೆ ಹೋಗಿ ನಿಂತಾಗ ನಾನು ಕಿರುಚಿದ ರೀತಿಗೆ ಹಿಂದೆ ಕೂತಿದ್ದ ಹೆಂಗಸರು ನಕ್ಕರು. ಇಳಿದ ಮೇಲೆ ಹೆಂಡತಿ ಕುತೂಹಲದಿಂದ ಕೇಳಿದಳು, "ಅದು ಯಾರ್ ದನಿ?"

"ನಂದೇ ಕಣೇ!"

"ಸುಳ್ಳು."

ಮಧ್ಯಾಹ್ನಕ್ಕೆ ಹೊಟ್ಟೆ ತಾಳ ಹಾಕತೊಡಗಿತು. ಪಾರ್ಕಿನೊಳಗೆ ಅನ್ನ ಸಾರಿನ ಕ್ಯಾಂಟೀನಿತ್ತು, ದೋಸೆಯ ಅಂಗಡಿಯಿತ್ತು, ಎರಡರ ಮುಂದೆಯೂ ಜಾತ್ರೆ. ಅವಳು ಅವೆರಡನ್ನೂ ಬಿಟ್ಟು ಮೂಲೆಯಲ್ಲಿದ್ದ ಇಟಾಲಿಯನ್ ಹೋಟೆಲಿನ ಕಡೆ ಕೈ ತೋರಿಸಿದಳು. ಅಲ್ಲಿನ ಅಡುಗೆಯ ಮೇಲೆ ಪ್ರೀತಿಯಿದ್ದು ಅಲ್ಲ. "ಅಲ್ಲಿ ನಿಮ್ ಗುರುತಿನೋರು ಯಾರೂ ಇರಲ್ಲ. ಯಾರ್ ದನೀನೂ ಗ್ಯಾಪಕಕ್ಕೆ ಬರಲ್ಲ," ಎಂದಳು. ಹೆಂಡತಿಯರು ನಮ್ಮನ್ನು ಎಷ್ಟು ಓದಿಕೊಂಡಿರುತ್ತಾರೆ ನೋಡಿ.

ಗೋಡೆಯ ಮೇಲೆ ವಾಲಿಕೊಂಡಿರುವ ಗೋಪುರದ ಚಿತ್ರ, ತಲೆಯ ಮೇಲೆ ಪ್ಲಾಸ್ಟಿಕ್ಕಿನ ದ್ರಾಕ್ಷಿ ಬಳ್ಳಿ, ಮೇಜಿಗೆ ಕೆಂಪು ಚೌಕುಳಿ ಬಟ್ಟೆ. ನಾವಿಬ್ಬರೂ ಇನ್ನೂ ಒದ್ದೆ. ಏಸಿ ಗಾಳಿಗೆ ನನ್ನ ಹಲ್ಲು ಕಟಕಟ ಎನ್ನುತ್ತಿತ್ತು. ಅದಾದರೂ ಸ್ವಂತ ಹಲ್ಲಿನ ಸದ್ದು. ಕತ್ತಿಗೆ ಬಿಲ್ಲು ಟೈ ಕಟ್ಟಿದ ವೇಟರ್ ಬಂದ. ಇಂಗ್ಲಿಷನ್ನು ಬಾಯಲ್ಲಿ ಎರಡು ಸುತ್ತು ಉರುಳಿಸಿ ಹೊರಗೆ ಬಿಟ್ಟ: "ಗುಡ್ ಆಫ್ಟರ್‌ನೂನ್ ಸಾ...ರ್." ದೇವರಾಣೆ, ಅಂಥ ದನಿ ಸಿಗುವುದು ವರ್ಷಕ್ಕೊಂದು. ನನ್ನ ನಾಲಿಗೆ ಒಳಗೊಳಗೇ ಅದನ್ನು ಅಳತೆ ಮಾಡಿತು. ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ನಾಲಿಗೆ ಕಚ್ಚಿಕೊಂಡೆ.

ಅವಳು ಮೆನು ಪಟ್ಟಿಯಲ್ಲಿದ್ದ ಒಂದು ಚಿತ್ರ ತೋರಿಸಿದಳು. "ಇದು ನೋಡ್ರೀ, ಮುದ್ದೆ ಮರಿ ಹಾಕ್ದಂಗೈತೆ."

"ನ್ಯೋಕಿ ಮೇಡಂ," ಎಂದ ವೇಟರ್. ಒಂದು ಗಳಿಗೆ ತಡೆದು, ತಗ್ಗಿದ ದನಿಯಲ್ಲಿ, "ಆಲೂಗೆಡ್ಡೆ ಬೇಯ್ಸಿ, ಮೈದಾ ಕಲ್ಸಿ ಉಂಡೆ ಮಾಡ್ತರೆ. ಮುದ್ದೆ ಅಂದ್ರಲ್ಲ, ಯಾವ್ ಕಡೆಯೋರು ತಾವು?"

"ಕೊಡಿಗೇನಹಳ್ಳಿ," ಎಂದೆ.

"ಅಯ್ಯೋ ನಾನು ಬರಗೂರು ಕಣ್ ಸಾರ್!" ಟೈ ಹಾಗೇ ಇತ್ತು, ಇಂಗ್ಲಿಷು ಬಸ್ಸಿಳಿದು ಹೋಯಿತು. "ಏನ್ ಕೆಲ್ಸ ಸಾರ್ ತಮ್ದು?"

ಹೇಳಿದೆ. ಅವನ ಕಣ್ಣು ಅರಳಿತು. "ಶಿರಾ ಸಂತೇಲಿ ಕೂಗೋ ಪಂಪ್‌ಸೆಟ್ಟು ಪಟೇಲ ನೀವೇನಾ? ನಮ್ಮಪ್ಪ ಆ ಪಟೇಲನ ಮಾತು ಕೇಳಿ ಮೋಟ್ರು ತಗಂಡ ಸಾರ್! ಒಂದ್ಸಲ ಅನ್ನಿ ಸಾರ್, ಒಂದೇ ಸಲ."

ನೋಡಿ, ಹಸಿದವನ ಮುಂದೆ ಎಲೆ ಹಾಕಿ ಕೈ ಕಟ್ಟುವುದೆಂದರೆ ಇದು. "ಇವತ್ತು ಆಗಲ್ಲಪ್ಪ," ಎಂದೆ, ನನ್ನ ಮೂಗಿನ ದನಿಯಲ್ಲಿ.

ಅವನು ನನ್ನನ್ನು ಮೇಲಿಂದ ಕೆಳಕ್ಕೆ ನೋಡಿದ. "ಬುಡಿ ಸಾರ್. ಪಟೇಲನ ದನಿ ಎಲ್ಲಿ, ತಮ್ದೆಲ್ಲಿ," ಎಂದು ಆ ಉಂಡೆಯನ್ನೇ ಬರೆದುಕೊಂಡು ಹೊರಟೇಹೋದ. ಸತ್ಯ ಹೇಳಿ ಸುಳ್ಳುಗಾರನಾದೆ. ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಎಷ್ಟೋ ದಿನದ ಮೇಲೆ ನನ್ನ ಎದುರು ಹಾಗೆ ನಕ್ಕಿದ್ದು. ಅದೂ ನಾನು ಏನೂ ಮಾಡದೆ ಇದ್ದದ್ದಕ್ಕೆ.

ಬೇರೆಯವರ ಬಾಯಿ ಸಿಕ್ಕರೆ ಗಂಟೆಗಟ್ಟಲೆ ಆಡುತ್ತೇನೆ. ನನ್ನದೇ ಬಾಯಿಗೆ ಏನು ಹೇಳಿಸಬೇಕೋ ತಿಳಿಯಲಿಲ್ಲ. ಕೊನೆಗೆ, "ನನ್ನ ನೋಡೋಕೆ ನಿಮ್ ಮನೇಗೆ ಬಂದಿದ್ವಲ್ಲ, ಆವತ್ತು ನಿಂಗೇನನ್ನುಸ್ತು?" ಎಂದೆ.

"ನಿಮ್ಮನ್ನ ನೋಡೋಕೆ ನೀವೇ ಬಂದ್ರಾ?"

"ಅದೇ, ನಿನ್ನ ನೋಡೋಕೆ. ಸ್ವಂತ ದನೀಲಿ ಅಭ್ಯಾಸ ಇಲ್ಲ ಕಣೇ, ತಡವರ್ಸ್ತೈತೆ."

ಅವಳು ನಗುತ್ತಾ ಹೇಳಿದಳು. ಆವತ್ತು ಕಾಫಿ ಕುಡಿಯುವಷ್ಟರಲ್ಲಿ ನಾನು ನಾಲ್ಕು ಜನರ ದನಿ ಮಾಡಿದ್ದೆನಂತೆ. ಕಣ್ಣು ಮಂಜಾಗಿದ್ದ ಅವಳ ಅಜ್ಜಿ ಅಡುಗೆಮನೆಯಿಂದಲೇ ಎಲ್ಲ ಕೇಳಿಸಿಕೊಂಡು, "ವೀಳ್ಳಲ್ಲೋ ಪೆಳ್ಳಿಕೊಡುಕು ಎವುರೇ?" ಎಂದಳಂತೆ. ಇಷ್ಟು ಜನ ಬಂದಿದ್ದಾರಲ್ಲ, ಇವರಲ್ಲಿ ಮದುವೆ ಗಂಡು ಯಾವನೇ, ಎಂದು.

"ನೀನೇನಂದೆ?"

"ನಂಗೂ ಗೊತ್ತಿಲ್ಲ ಅಂದೆ." ಅವಳು ಚಮಚವನ್ನು ತಿರುಗಿಸುತ್ತಾ ಕೂತಳು. "ಈಗ ಗೊತ್ತು. ಹಿತ್ಲಲ್ಲಿ ಹಾಲು ಕರೆಯೋವಾಗ ನೀವು ಹಸು ಜೊತೆ ಮಾತಾಡ್ತೀರಲ್ಲ, ಆಗ ನಿಮ್ ದನೀಲೇ ಮಾತಾಡ್ತೀರ. ಬಾಗ್ಲ ಹಿಂದೆ ನಿಂತು ದಿನಾ ಕೇಳುಸ್ಕೋತೀನಿ. ಹಸೂಗಿರೋ ಪುಣ್ಯ ನಂಗಿಲ್ವಲ್ಲ ಅನ್ಸುತ್ತೆ."

"ನಾಳೆಯಿಂದ ನೀನೂ ಪಕ್ಕದಲ್ಲಿ ಬಂದು ನಿಂತ್ಕೋ," ಎಂದೆ. ಮೂಗಿನಲ್ಲೇ ಬಂತು, ಕೊನೆಯಲ್ಲಿ ನೆಲಕ್ಕೂ ಬಿತ್ತು. ಅವಳು ಎತ್ತಿಕೊಂಡಳು.

ಅಷ್ಟರಲ್ಲಿ ಉಂಡೆಗಳು ಬಂದವು. ಬಿಳೀ ಸಾರಿನಲ್ಲಿ ಮುಳುಗಿ, ಮೇಲೆ ಕರಗಿದ ಚೀಸು ಹೊದ್ದುಕೊಂಡಿದ್ದವು. ಅವಳು ಅಗಿದು, "ಚೆನ್ನಾಗೈತೆ, ಆದ್ರೆ ಉಪ್ಪು ಖಾರ ಹಾಕೋಕೆ ಮರ್ತವ್ರೆ," ಎಂದಳು. ನಾನು ಅಗಿಯಲಿಲ್ಲ. ನಮ್ಮೂರಿನಲ್ಲಿ ಉಂಡೆ ಅಂದರೆ ಮುದ್ದೆ, ಮುದ್ದೆ ಅಂದರೆ ನುಂಗುವುದು. ಅಗಿಯುವವನನ್ನು ಪಂಕ್ತಿಯಲ್ಲಿ ಎಲ್ಲರೂ ತಿರುಗಿ ನೋಡುತ್ತಾರೆ. ಮೊದಲನೆಯದು ಸುಖವಾಗಿ ಇಳಿಯಿತು. ಎರಡನೆಯದೂ ಇಳಿಯಿತು.

"ಅಗೀರಿ, ಒಳಗೆ ಬಿಸಿ ಇರುತ್ತೆ."

"ಮೂರು ಹೊತ್ತು ಮುದ್ದೆ ನುಂಗಿದ ಗಂಟ್ಲು ಇದು. ಇಟಲಿ ಉಂಡೆ ಯಾವ್ ಲೆಕ್ಕ!"

ಹೀಗೇ ಒಂಬತ್ತೋ ಹತ್ತೋ ಇಳಿದವು. ಆಮೇಲಿನದು ದೊಡ್ಡದಿತ್ತು. ಹೊಟ್ಟೆಯಲ್ಲಿ ಕೆಂಡದಂಥ ಚೀಸು ಬಚ್ಚಿಟ್ಟುಕೊಂಡಿತ್ತು. ಅದು ಗಂಟಲ ನಡುವೆ ನಿಂತು, ಸುತ್ತ ನೋಡಿ, ಅಲ್ಲೇ ಸಂಸಾರ ಹೂಡಿತು. ಕಣ್ಣಲ್ಲಿ ನೀರು ಬಂತು. ಅವಳು ನೀರು ಕುಡಿಸಿ ಬೆನ್ನು ಗುದ್ದಿದಳು. ಉಂಡೆ ಇಳಿಯಿತು, ಗಂಟಲು ಸುಟ್ಟು ಸುಣ್ಣವಾಯಿತು. ತಟ್ಟೆಯಲ್ಲಿ ಇನ್ನು ಮೂರೇ ಮೂರು. ಗೆದ್ದೆ ಎಂದುಕೊಂಡೆ.

ಆಗ ಅವಳ ಫೋನು ಬಡಿದುಕೊಂಡಿತು. "ಅಪ್ಪ!" ಎಂದವಳೇ ಸ್ಪೀಕರ್ ಒತ್ತಿ ನನ್ನ ಮುಂದಕ್ಕೆ ತಳ್ಳಿದಳು. "ನೀವೇ ಮಾತಾಡಿ. ನಿಮ್ ದನೀಲಿ. ಅಪ್ಪನೂ ಕೇಳ್ಲಿ."

"ಹಲೋ ಮಾವಾ," ಎಂದೆ.

ಬಂದದ್ದು ಮಾವನ ದನಿ. ಸುಟ್ಟ ಗಂಟಲಿನಿಂದ ಅದೇ ಗೇರ್ ಬಾಕ್ಸು, ಅದೇ ಗರಗರ. ಅಲ್ಲಿಯವರೆಗಿನದು ಗಂಟಲಿನ ತಪ್ಪು. ಅಲ್ಲಿಗೆ ನಿಲ್ಲಿಸಿದ್ದರೆ ನಾನು ನಿರಪರಾಧಿ.

"ಎವುರು?" ಎಂದರು ಆ ಕಡೆಯಿಂದ ಮಾವ, ಯಾರು ಎಂದು.

ದಾರಿ ಸಿಕ್ಕ ಕುದುರೆಯಂತೆ ಬಾಯಿ ಓಡಿತು. "ಏಮಪ್ಪಾ, ಪ್ಲೇಟುಲು ಕಡಿಗಿನಾರಾ ಲೇದಾ? ತೊಳುದ್ರಾ ಇಲ್ವಾ? ಅಲ್ಲೇನ್ ನಿಂತ್ಕಂಡು ಆಕಾಶ ನೋಡ್ತಾ ಇದೀರ? ಆ ಮೂಲೆ ಸಾಲು ಯಾರ್ ತೊಳೀತಾರೆ, ನಿಮ್ ಮಾವ ಬಂದು ತೊಳೀತಾನಾ?"

ನೀರಿನ ಜಗ್ಗು ಹಿಡಿದು ಬಂದಿದ್ದ ವೇಟರ್ ಭಕ್ತಿಯಿಂದ, "ಈಗ ನಂಬ್ದೆ ಸಾರ್," ಎಂದ.

"ಮೂರೇ ಉಂಡೆ ಇತ್ತು ಕಣ್ರೀ," ಎಂದಳು ಹೆಂಡತಿ.

"ಗಂಟ್ಲು ಸುಟ್ಟೋಗಿತ್ತು ಕಣೇ, ಅದುಕ್ಕೇ ಅಂಗೆ ಬಂತು!"

"ಹಲೋ ಅಂದಿದ್ದು ಸುಟ್ಟ ಗಂಟ್ಲು. ಪ್ಲೇಟು ತೊಳ್ಸಿದ್ದು ಯಾರು?"

"ಸರಿ, ಸೋತೆ. ಅಪ್ಪನಿಗೆ ಮಾಡಿ ತೋರ್ಸ್ಬೇಕಿತ್ತು ತಾನೇ? ತೋರ್ಸಿದ್ದಾಯ್ತಲ್ಲ, ಇನ್ನೇನು?"

"ಎದುರಿಗೆ ಕೂತು ಅಂದಿದ್ದೆ. ಫೋನಲ್ಲಿ ಮಾಡಿದ್ದು ಸೇರಲ್ಲ."

"ಸೇರುತ್ತೆ!"

"ಸೇರಲ್ಲ!"

ಸ್ಪೀಕರ್ ಇನ್ನೂ ಚಾಲೂ ಇದೆಯೆಂಬುದು ಇಬ್ಬರಿಗೂ ಮರೆತುಹೋಗಿತ್ತು. ಅದರೊಳಗಿಂದ ಮಾವ ಗಂಟಲು ಸರಿಮಾಡಿಕೊಂಡರು. ಎಷ್ಟು ಅಭ್ಯಾಸ ಮಾಡಿದರೂ ನನಗೆ ಇವತ್ತಿಗೂ ಬಾರದ ಕೆಮ್ಮು ಅದು. ಆಮೇಲೆ ಒಂದಿಷ್ಟೂ ಅವಸರವಿಲ್ಲದೆ ಹೇಳಿದರು:

"ಅಳಿಯಂದ್ರೇ, ಈ ಗಂಟ್ಲು ನನ್ ಮಗಳು ಇಪ್ಪತ್ನಾಕು ವರ್ಷ ಕೇಳವ್ಳೆ. ಸಾಕಾಗೈತೆ ಅಂತ್ಲೇ ಅಲ್ವೇನಪ್ಪಾ ಅವಳ್ನ ನಿಮ್ಗೆ ಕೊಟ್ಟಿದ್ದು?"