ಗುರುತು ಹಾಕಿದ ಚಗಳಿ

ನಿಟ್ಟೂರಿನ ಯೋಗರಾಜ ಚಗಳಿಯ ಮೇಲೆ ಪಿಎಚ್.ಡಿ. ಮಾಡುತ್ತಿದ್ದಾನೆ ಎಂಬುದನ್ನು ಊರಿನಲ್ಲಿ ಯಾರೂ ನಂಬಲಿಲ್ಲ. ಎಲೆ ಹೊಲಿದು ಗೂಡು ಕಟ್ಟುವ, ಮುಟ್ಟಿದರೆ ಚುರ್ರೆನ್ನುವಂತೆ ಕಚ್ಚುವ ಆ ಕೆಂಪಿರುವೆ ಅಲ್ಲಿನವರಿಗೆ ಗೊತ್ತಿಲ್ಲದ್ದೇನಲ್ಲ. ಉಪ್ಪು, ಮೆಣಸು, ಬೆಳ್ಳುಳ್ಳಿ ಹಾಕಿ ಅರೆದರೆ ಅದರ ಚಟ್ನಿಯ ಮುಂದೆ ಬೇರೆ ಯಾವುದೂ ಇಲ್ಲ.

"ತಿನ್ನೋ ವಸ್ತುನಲ್ಲಿ ಓದೋಕೆ ಎಂತ ಇದ್ಯೋ ಮಾರಾಯ?" ಎಂದು ಗೆಳೆಯ ದುರ್ಗೇಶ್ ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರೆದುರು ಕೇಳಿ ಮಾನ ಕಳೆದಿದ್ದ.

ಓದುವುದು ಇತ್ತು. ಎರಡು ಬೇರೆ ಮರಗಳ ಚಗಳಿಗಳನ್ನು ಒಂದೆಡೆ ಬಿಟ್ಟರೆ ಹೊಡೆದಾಡಿ ಸಾಯುತ್ತವೆಯೋ, ಹೊಂದಿಕೊಂಡು ಬಾಳುತ್ತವೆಯೋ? ಇದೇ ಯೋಗರಾಜನ ಪ್ರಶ್ನೆ. ಮೊದಲು ವಿಶ್ವವಿದ್ಯಾಲಯದ ಆವರಣದಲ್ಲೇ ಶುರು ಮಾಡಿದ್ದ. ಯಾರೋ ಗಣ್ಯರು ಬರುತ್ತಾರೆಂದು ತೋಟದ ವಿಭಾಗದವರು ಅಲ್ಲಿನ ಮರಗಳಿಗೆಲ್ಲ ಔಷಧಿ ಹೊಡೆದರು. ಗಣ್ಯರು ಉದ್ಘಾಟಿಸಿದ್ದು ಕೀಟಶಾಸ್ತ್ರ ವಿಭಾಗದ ಹೊಸ ಕಟ್ಟಡವನ್ನು. ಅಂದು ಅಲ್ಲಿ ಜೀವಂತ ಕೀಟ ಒಂದೂ ಇರಲಿಲ್ಲ.

ಯೋಗರಾಜ ತನ್ನ ಸಂಶೋಧನೆಯನ್ನು ಮನೆಯಂಗಳಕ್ಕೆ ತಂದ. ಹಲಸಿನ ಮರದ ಚಗಳಿಗೆ ಬಿಳಿ ಚುಕ್ಕೆ, ಮಾವಿನ ಮರದ್ದಕ್ಕೆ ಹಳದಿ ಚುಕ್ಕೆ. ವಿಭಾಗ ಬಣ್ಣ ಕೊಡಿಸಲಿಲ್ಲವಾದ್ದರಿಂದ ತಂಗಿ ಶಿಲ್ಪಶ್ರೀಯ ಉಗುರುಬಣ್ಣವೇ ಗತಿಯಾಯಿತು. ಕಚ್ಚಿಸಿಕೊಂಡು, ಕಣ್ಣು ಕೆಂಪು ಮಾಡಿಕೊಂಡು, ಒಂದೊಂದನ್ನೇ ಹಿಡಿದು ಚುಕ್ಕೆ ಇಟ್ಟ. ಅವ್ವ ಹುಲಿಯಮ್ಮ ಆ ಮರಗಳನ್ನು ಮೊಮ್ಮಕ್ಕಳಂತೆ ಕಾದಳು. ಗೂಡು ಕೀಳಲು ಕೊಕ್ಕೆ ಹಿಡಿದು ಬಂದವರನ್ನೆಲ್ಲ, "ಅದು ನನ್ನ ಮಗನ ಓದು, ಮುಟ್ಬೇಡಿ" ಎಂದು ಅಟ್ಟಿದಳು.

ಅಷ್ಟರಲ್ಲಿ ವಿಭಾಗದ ಸಮಿತಿ ಗುಟುರು ಹಾಕಿತು. ಅವಧಿ ಮೀರಿದೆ, ಗುರುತು ಹಾಕಿದ ಇರುವೆಗಳನ್ನು ಮಾರ್ಗದರ್ಶಕರು ಕಣ್ಣಾರೆ ಕಂಡು ಬಂದು ಹೇಳಬೇಕು, ಇಲ್ಲವಾದರೆ ನೋಂದಣಿ ರದ್ದು. ಮಾರ್ಗದರ್ಶಕಿ ಸುಚಿತ್ರಾ ಮೇಡಂ ಭಾನುವಾರ ಬರುವುದಾಗಿ ಒಪ್ಪಿದರು. ಅವರನ್ನು ಕರೆತರಲು ಯೋಗರಾಜ ಶನಿವಾರವೇ ಹೊರಟ.

ಭಾನುವಾರ ಮಧ್ಯಾಹ್ನ ಇಬ್ಬರೂ ಬಂದಿಳಿದಾಗ ಅಕ್ಕಿ ರೊಟ್ಟಿ ಬಿಸಿಯಾಗಿತ್ತು. ಮೊದಲು ಊಟ, ಆಮೇಲೆ ಮರ ಎಂದಳು ಹುಲಿಯಮ್ಮ. ಮೇಡಂ ಚಟ್ನಿಯನ್ನು ಮೂರು ಸಲ ಹಾಕಿಸಿಕೊಂಡರು.

"ಏನಮ್ಮಾ ಇದು, ಇಷ್ಟು ರುಚಿ?"

"ಚಗಳಿದು, ಮೇಡಂ. ದೊಡ್ಡೋರು ಬಂದಾಗ ಅದನ್ನ ಹಾಕ್ದೆ ಇರೋಕಾಗ್ತದಾ?"

ಯೋಗರಾಜ ತುತ್ತನ್ನು ತಟ್ಟೆಗೆ ಇಳಿಸಿದ. "ಅವ್ವಾ, ಯಾವ ಮರದ್ದು?"

"ನಮ್ಮವೇ. ಹೆದರ್ಬೇಡ, ನೀನು ಇನ್ನೂ ಓದದೇ ಇರೋದನ್ನ ಒಂದೂ ಮುಟ್ಲಿಲ್ಲ. ಚುಕ್ಕೆ ಇದ್ದಿದ್ದನ್ನ ಮಾತ್ರ ಆರಿಸ್ದೆ. ಓಟು ಹಾಕಿದ್ಮೇಲೆ ಬೆರಳಿಗೆ ಶಾಯಿ ಹಚ್ತಾರಲ್ಲ, ಅವ್ರದ್ದು ಮುಗೀತು ಅಂತ. ಹಂಗೇ ಅಲ್ವಾ?"

ಕೊಂಬೆಗೆ ಒಣಮೀನಿನ ಚೂರು ಕಟ್ಟಿ ಆಸೆ ತೋರಿಸಿ, ಮುತ್ತಿಕೊಂಡವುಗಳಲ್ಲಿ ಚುಕ್ಕೆಯವನ್ನೇ ಹೆಕ್ಕಿದ್ದಳಂತೆ. ಅರೆದು ಮಿಕ್ಕಿದ್ದನ್ನು ಮೊರದಲ್ಲಿ ತಂದು ತೋರಿಸಿದಳು. ಉಪ್ಪು ಸವರಿ ಒಣಗಿಸಿದ ಚಗಳಿಗಳು, ಬಿಳಿ ಚುಕ್ಕೆಯವೂ ಹಳದಿ ಚುಕ್ಕೆಯವೂ, ಒತ್ತಿಕೊಂಡು ಬಿದ್ದಿದ್ದವು. ಬೈಯಬೇಕೆಂದು ಯೋಗರಾಜ ಬಾಯಿ ತೆರೆದ. ಮೊರ ಹಿಡಿದ ಅವಳ ಬೆರಳುಗಳು ಕಣ್ಣಿಗೆ ಬಿದ್ದವು. ಹತ್ತೂ ಊದಿ ಕೆಂಪಗಾಗಿದ್ದವು. ತನ್ನ ಓದು ಹಾಳಾಗಬಾರದೆಂದೇ ಇಷ್ಟು ಕಚ್ಚಿಸಿಕೊಂಡಿದ್ದಾಳೆ.

"ಚಟ್ನಿ ಚೆನ್ನಾಗಿದೆ ಅವ್ವಾ" ಎಂದ.

ಮೇಡಂ ಕನ್ನಡಕ ಏರಿಸಿ ಮೊರವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು: "ಯೋಗರಾಜ್, ಆ ಬಣ್ಣ ಯಾವುದು?"

"ಉಗುರಿಗೆ ಹಚ್ಚೋದು, ಮೇಡಂ."

ಅವರ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಸಂಜೆಯ ಬಸ್ಸಿಗೆ ಇಬ್ಬರೂ ವಾಪಸ್ ಹೊರಟರು.

ಸೋಮವಾರ ಸಮಿತಿ ಕೂತಿತು. ಯೋಗರಾಜ ಬಾಗಿಲ ಬಳಿ ನಿಂತಿದ್ದ.

"ಗುರುತಿನ ಇರುವೆಗಳನ್ನು ಕಂಡಿರಾ?" ಎಂದು ಅಧ್ಯಕ್ಷರು ಕೇಳಿದರು.

"ಕಂಡೆ. ಬಹಳ ಹತ್ತಿರದಿಂದ" ಎಂದರು ಮೇಡಂ.

"ಎರಡೂ ಮರದವು ಒಟ್ಟಿಗೆ ಇದ್ದವೆ?"

"ಒಟ್ಟಿಗೇ ಇದ್ದವು."

"ಜಗಳ?"

ಮೇಡಂ ಕನ್ನಡಕ ತೆಗೆದು ಒರೆಸತೊಡಗಿದರು. "ನಾನು ನೋಡಿದಾಗ ಒಂದಿಷ್ಟೂ ಇರಲಿಲ್ಲ."

ಸಮಿತಿ ತಲೆದೂಗಿತು. ಇನ್ನೊಂದು ವರ್ಷ ಸಿಕ್ಕಿತು. ಇಂಥ ಸೌಹಾರ್ದವನ್ನು ತಾವೂ ಕಾಣಬೇಕು, ಮುಂದಿನ ತಿಂಗಳು ಸಮಿತಿಯೇ ನಿಟ್ಟೂರಿಗೆ ಬರುತ್ತದೆ ಎಂದು ಅಧ್ಯಕ್ಷರು ಘೋಷಿಸಿದರು.

ಯೋಗರಾಜ ಹೊರಗೆ ಬಂದು ಮನೆಗೆ ಫೋನ್ ಮಾಡಿದ. ಈಗಲಾದರೂ ನಿಜ ಹೇಳಿಬಿಡಬೇಕೆಂದುಕೊಂಡಿದ್ದ. ಸುದ್ದಿ ಕೇಳಿದ ಹುಲಿಯಮ್ಮನ ದನಿಯಲ್ಲಿ ಸಂಭ್ರಮ ಉಕ್ಕಿತು.

"ಅಷ್ಟೂ ಜನ ಬರ್ತಾರಾ? ಹಂಗಾರೆ ಬೇಗ ಬಂದು ಇನ್ನೊಂದಷ್ಟಕ್ಕೆ ಚುಕ್ಕೆ ಇಡು ಮಗಾ. ಸಾಲ್ದೇ ಹೋದ್ರೆ ಮರ್ಯಾದೆ ಪ್ರಶ್ನೆ."